ಕಚೇರಿ ಅಲೆದಾಟ ತಗ್ಗಿಸುವುದು ಹೇಗೆ? ಮಂಡ್ಯ–ಮೈಸೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಎರಡೂ ಜಿಲ್ಲೆಗಳ ರೈತರು, ಅಂಗಡಿಯವರು, ಸಣ್ಣ ಉದ್ದಿಮೆ ನಡೆಸುವವರು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದೆ. ಅರ್ಜಿ ಶುಲ್ಕ ಮತ್ತು ಸೇವೆಯ ದಿನಮಿತಿ ಆಗಾಗ ಬದಲಾಗುತ್ತವೆ. ಅವೆರಡನ್ನು ಮಾತ್ರ ಕಚೇರಿಯ ಫಲಕದಲ್ಲೋ ಸೇವಾ ಸಿಂಧು ಪೋರ್ಟಲ್‌ನಲ್ಲೋ ನೋಡಿಕೊಂಡು ಹೊರಡಿ.

ನಿಯಮ ಸರಳ ಮಾಡಿದ್ದೇವೆ ಅಂತ ಸರ್ಕಾರ ಹೇಳುತ್ತಲೇ ಇರುತ್ತದೆ. ಅಲೆದಾಟ ಮಾತ್ರ ಯಾಕೆ ನಿಂತಿಲ್ಲ?

ಕಚೇರಿಯಲ್ಲಿ ನಿಮ್ಮನ್ನು ತಡೆಯುವ ಸಂಗತಿಗಳಲ್ಲಿ ಮೂರು ಬಗೆ. ಒಂದು, ಶಾಸನಸಭೆ ಮಾಡಿದ ಕಾಯ್ದೆ. ಎರಡು, ಇಲಾಖೆ ಹೊರಡಿಸಿದ ನಿಯಮ ಮತ್ತು ಸುತ್ತೋಲೆ. ಮೂರು, ಆ ಮೇಜಿನ ರೂಢಿ. "ಅದಕ್ಕೊಂದು ಅಫಿಡವಿಟ್ ಮಾಡಿಸ್ಕೊಂಡು ಬನ್ನಿ", "ಹೋದ ವರ್ಷದ ಕಂದಾಯ ರಸೀದಿಯೂ ಇಡಿ", "ಇಬ್ಬರು ಸಾಕ್ಷಿ ಸಹಿ ಬೇಕು" ಎಂಬ ಮಾತುಗಳಲ್ಲಿ ಬಹುಪಾಲು ಮೂರನೆಯ ಬಗೆಯವು. ಸರ್ಕಾರ ಸರಳಗೊಳಿಸುವುದು ಮೊದಲೆರಡನ್ನು. ಮೂರನೆಯದನ್ನು ಯಾರೂ ಬರೆದಿಟ್ಟಿಲ್ಲ, ಹಾಗಾಗಿ ಅದನ್ನು ರದ್ದು ಮಾಡುವ ಆದೇಶವೂ ಬರುವುದಿಲ್ಲ.

ಆನ್‌ಲೈನ್ ಆದದ್ದು ಒಂದು ಮಟ್ಟಿಗೆ ಉಪಕಾರವೇ. ಆದರೆ ಎಷ್ಟೋ ಸೇವೆಗಳಲ್ಲಿ ಹಳೆಯ ಕಾಗದದ ನಮೂನೆಯನ್ನೇ ಪರದೆಯ ಮೇಲೆ ಇಳಿಸಿದ್ದಾರೆ. ಆಧಾರ್ ಒಟಿಪಿ ಕೊಟ್ಟು ಒಳಗೆ ಹೋದ ಮೇಲೆ ಮತ್ತೆ ಆಧಾರ್ ಪ್ರತಿ ಅಪ್‌ಲೋಡ್ ಮಾಡಿ ಎನ್ನುವ ಪುಟ ಇದಕ್ಕೆ ಸಾಕ್ಷಿ. ಒಂದು ಇಲಾಖೆ ಕೊಟ್ಟ ಪ್ರಮಾಣಪತ್ರವನ್ನು ಇನ್ನೊಂದು ಇಲಾಖೆ ತಾನೇ ತೆರೆದು ನೋಡಿಕೊಳ್ಳುವವರೆಗೆ ಜನ ಅಂಚೆಯಾಳಿನ ಕೆಲಸ ಮಾಡುವುದು ತಪ್ಪದು.

ಮೂರನೆಯ ಬಗೆಯ ತಡೆಗೆ ಇರುವ ಮದ್ದು ಬರವಣಿಗೆ. ಬಾಯಲ್ಲಿ ಕೇಳಿದ ದಾಖಲೆಯನ್ನು "ಹಿಂಬರಹದಲ್ಲಿ ಬರೆದು ಕೊಡಿ ಸರ್" ಎಂದರೆ, ನಿಯಮದಲ್ಲಿ ಇಲ್ಲದ ಬೇಡಿಕೆ ಅನೇಕ ಸಲ ಅಲ್ಲೇ ಕರಗುತ್ತದೆ.

ಸಕಾಲ ಅಂದರೆ ಏನು? ನನ್ನ ಅರ್ಜಿ ಅದರಲ್ಲಿ ಸೇರುತ್ತದೋ ಇಲ್ಲವೋ ತಿಳಿಯುವುದು ಹೇಗೆ?

ಸೇವೆಯನ್ನು ಇಂತಿಷ್ಟು ದಿನದೊಳಗೆ ಕೊಡಲೇಬೇಕೆಂದು 2011ರಲ್ಲಿ ಕರ್ನಾಟಕ ಮಾಡಿದ ಕಾಯ್ದೆಯೇ ಸಕಾಲ. 2012ರ ಏಪ್ರಿಲ್ 2ರಿಂದ ಇಡೀ ರಾಜ್ಯಕ್ಕೆ ಅನ್ವಯವಾಯಿತು. ಆಗ 11 ಇಲಾಖೆಗಳ 151 ಸೇವೆ ಇದ್ದವು, ಈಗ ಪಟ್ಟಿ ಬಹಳ ಉದ್ದವಿದೆ. ಜಾತಿ, ಆದಾಯ, ಖಾತೆ ಬದಲಾವಣೆ, ಜನನ–ಮರಣ ಪ್ರಮಾಣಪತ್ರ, ಕಟ್ಟಡ ಪರವಾನಗಿ, ಪಡಿತರ ಚೀಟಿ ಹೀಗೆ ನಿತ್ಯದ ಬಹುತೇಕ ಕೆಲಸಗಳು ಅದರಲ್ಲಿವೆ.

ಗುರುತು ಸುಲಭ. ಅರ್ಜಿ ಕೊಟ್ಟಾಗ ಸಿಗುವ ಸ್ವೀಕೃತಿಯಲ್ಲಿ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುತ್ತದೆ, ಜೊತೆಗೆ ಸೇವೆ ಕೊಡಬೇಕಾದ ಕೊನೆಯ ದಿನಾಂಕ. ಮುಂದಿನ ಎಲ್ಲ ತಕರಾರಿಗೂ ಲೆಕ್ಕ ಆ ದಿನಾಂಕದ್ದೇ. ಸ್ವೀಕೃತಿ ಕೈಗೆ ಬಂದ ಕೂಡಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಶಾಖದಿಂದ ಅಚ್ಚಾಗುವ ತೆಳು ಕಾಗದದ ಮೇಲಿನ ಅಕ್ಷರ ನಾಲ್ಕಾರು ತಿಂಗಳಲ್ಲಿ ಮಾಸಿಹೋಗುತ್ತದೆ.

"ಅರ್ಜಿ ಇಲ್ಲಿಟ್ಟು ಹೋಗಿ, ಸಾಹೇಬರು ಬಂದ ಮೇಲೆ ನೋಡ್ತೀವಿ" ಅಂತಾರೆ. ಸ್ವೀಕೃತಿ ಕೊಡುವುದಿಲ್ಲ.

ಇಟ್ಟು ಹೋಗಬೇಡಿ. ಸ್ವೀಕೃತಿ ಇಲ್ಲದ ಅರ್ಜಿಗೆ ಗಡುವೂ ಇಲ್ಲ. ಮೇಜಿನಿಂದ ಮೇಜಿಗೆ ಅಲೆದು ಒಂದು ದಿನ ಅದು ಕಾಣೆಯೂ ಆಗಬಹುದು. ಹಾಗೆ ಕಾಣೆಯಾದಾಗ "ನೀವು ಕೊಟ್ಟೇ ಇಲ್ಲ" ಎಂಬ ಮಾತಿಗೆ ನಿಮ್ಮ ಬಳಿ ಉತ್ತರ ಇರುವುದಿಲ್ಲ.

ಅದೇ ಸೇವೆ ಆನ್‌ಲೈನಿನಲ್ಲಿದ್ದರೆ ನಾಡಕಚೇರಿ, ಗ್ರಾಮ ಒನ್, ಕರ್ನಾಟಕ ಒನ್ ಅಥವಾ ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರದಿಂದ ಹಾಕಿ. ಅಲ್ಲಿ ಸಂಖ್ಯೆ ತಾನಾಗಿ ಹುಟ್ಟುತ್ತದೆ. ಕಾಗದದ ಅರ್ಜಿಯೇ ಆಗಬೇಕಿದ್ದರೆ ಎರಡು ಪ್ರತಿ ಒಯ್ದು, ಕೇಸ್ ವರ್ಕರ್ ಬಳಿ ಕೊಡುವ ಬದಲು ಟಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಇನ್‌ವರ್ಡ್ ಸಂಖ್ಯೆ ಹಾಕಿಸಿಕೊಳ್ಳಿ. ಅಲ್ಲೂ ಆಗದಿದ್ದರೆ ನೋಂದಾಯಿತ ಅಂಚೆ ಅಥವಾ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿಯನ್ನು ನಿಮ್ಮ ಪ್ರತಿಗೆ ಅಂಟಿಸಿಡಿ.

ಗಡುವು ಮುಗಿಯಿತು, ಕೆಲಸ ಆಗಿಲ್ಲ. ಮುಂದೇನು?

30 ದಿನದೊಳಗೆ ಸಕ್ಷಮ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ನಾಡಕಚೇರಿಯಿಂದ ಸಿಗಬೇಕಾದ ಸೇವೆಗೆ ಸಾಮಾನ್ಯವಾಗಿ ತಹಶೀಲ್ದಾರರು, ತಹಶೀಲ್ದಾರರಿಂದ ಸಿಗಬೇಕಾದದ್ದಕ್ಕೆ ಉಪವಿಭಾಗಾಧಿಕಾರಿ. ಮಂಡ್ಯ, ಮದ್ದೂರು, ಮಳವಳ್ಳಿಯವರಿಗೆ ಮಂಡ್ಯ ಉಪವಿಭಾಗ. ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್.ಪೇಟೆಯವರು ಪಾಂಡವಪುರಕ್ಕೆ ಹೋಗಬೇಕು. ಮೈಸೂರು ಜಿಲ್ಲೆಯಲ್ಲಿ ಮೈಸೂರು ಮತ್ತು ಹುಣಸೂರು ಎಂಬ ಎರಡು ಉಪವಿಭಾಗಗಳು. ಅಲ್ಲೂ ತೀರದಿದ್ದರೆ ಎರಡನೇ ಮೇಲ್ಮನವಿಗೆ ಅವಕಾಶವಿದೆ.

ಮೇಲ್ಮನವಿ ಅರ್ಧ ಪುಟ ಸಾಕು: ಜಿಎಸ್‌ಸಿ ಸಂಖ್ಯೆ, ಸೇವೆಯ ಹೆಸರು, ಕೊನೆಯ ದಿನಾಂಕ, ಇಂದಿನ ದಿನಾಂಕ, "ಸೇವೆಯನ್ನೂ ಪರಿಹಾರ ವೆಚ್ಚವನ್ನೂ ಕೊಡಿಸಬೇಕು" ಎಂಬ ಒಂದು ಸಾಲು. ಅಧಿಕಾರಿಯ ನಡವಳಿಕೆ, ಬೈಗುಳ, ಹಳೆಯ ಜಗಳ ಅದರಲ್ಲಿ ಬೇಡ. ಬರೆದಷ್ಟೂ ಮೂಲ ಪ್ರಶ್ನೆ ಮಸುಕಾಗುತ್ತದೆ.

ಪರಿಹಾರ ವೆಚ್ಚ ತಡವಾದ ದಿನಕ್ಕೆ 20 ರೂಪಾಯಿ, ಒಟ್ಟು 500 ರೂಪಾಯಿ ಮೀರುವಂತಿಲ್ಲ. ಅಂದರೆ 25 ದಿನಕ್ಕೆ ಲೆಕ್ಕ ನಿಂತುಹೋಗುತ್ತದೆ. ಮಂಡ್ಯಕ್ಕೆ ನಾಲ್ಕು ಸಲ ಬಸ್ಸಿನಲ್ಲಿ ಬಂದು ಹೋದವರಿಗೆ ಈ ಹಣ ಲೆಕ್ಕಕ್ಕೇ ಬರುವುದಿಲ್ಲ, ನಿಜ. ಆದರೂ ಕೇಳಬೇಕು ಎನ್ನುವುದಕ್ಕೆ ಕಾರಣ ಬೇರೆ: ಅದನ್ನು ತಡ ಮಾಡಿದ ನೌಕರರಿಂದಲೇ ವಸೂಲಿ ಮಾಡುವ ವ್ಯವಸ್ಥೆ ಇದೆ, ತಡವಾಯಿತು ಎಂಬುದು ಅವರ ಹೆಸರಿನ ಮುಂದೆ ದಾಖಲಾಗುತ್ತದೆ.

ಗಡುವಿನ ಹಿಂದಿನ ದಿನ "ತಿರಸ್ಕೃತ" ಅಂತ ಮೆಸೇಜ್ ಬಂತು.

ಇದು ಹಳೆಯ ಚಾಳಿ. ತಿರಸ್ಕರಿಸಿದರೂ ಲೆಕ್ಕದಲ್ಲಿ ಅರ್ಜಿ "ವಿಲೇವಾರಿ" ಆದಂತೆಯೇ, ಬಾಕಿ ಪಟ್ಟಿ ಚೊಕ್ಕಟ. ಕಾರಣವನ್ನು ಬರೆದು ಕೊಡುವುದು ಕಡ್ಡಾಯ, ಮತ್ತು "ಸೂಕ್ತ ದಾಖಲೆ ಇಲ್ಲ" ಎಂಬುದು ಕಾರಣವೇ ಆಗುವುದಿಲ್ಲ. ಯಾವ ದಾಖಲೆ, ಯಾವ ನಿಯಮದಡಿ ಬೇಕು ಎಂದು ಇರಬೇಕು.

ಎರಡು ದಾರಿ. ನಿಜವಾಗಿಯೂ ದಾಖಲೆ ಕೊರತೆಯಾಗಿದ್ದರೆ ಹೊಸ ಅರ್ಜಿಯೇ ಬೇಗ, ಮೇಲ್ಮನವಿ ಹಿಡಿದು ಕೂರುವುದರಲ್ಲಿ ಲಾಭವಿಲ್ಲ. ಕೊಟ್ಟ ದಾಖಲೆಯನ್ನೇ ಇಲ್ಲ ಎಂದಿದ್ದರೆ ಹೊಸ ಅರ್ಜಿ ಹಾಕಬೇಡಿ, ಹಾಕಿದರೆ ಹಳೆಯ ತಪ್ಪು ಮುಚ್ಚಿಹೋಗುತ್ತದೆ. 30 ದಿನದೊಳಗೆ ಮೇಲ್ಮನವಿಗೆ ಹೋಗಿ.

ಮಕ್ಕಳ ಸ್ಕಾಲರ್‌ಶಿಪ್‌ಗೆ ವರ್ಷ ವರ್ಷವೂ ಜಾತಿ–ಆದಾಯ ಪತ್ರ ಮಾಡಿಸಬೇಕಾ?

ಬೇಡ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷ ಮಾನ್ಯತೆ. ಪತ್ರದಲ್ಲಿರುವ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಿದರೆ ಇಲಾಖೆಯೇ ಪರಿಶೀಲಿಸಿಕೊಳ್ಳಬಹುದು. ಈಗಾಗಲೇ ನಾಡಕಚೇರಿಯ ದತ್ತಾಂಶದಲ್ಲಿ ಹೆಸರು ಸೇರಿರುವ ಕುಟುಂಬಕ್ಕೆ ಕೌಂಟರ್‌ನಲ್ಲೇ ತಕ್ಷಣ ಮುದ್ರಿಸಿ ಕೊಡುವ ವ್ಯವಸ್ಥೆಯೂ ಇದೆ. ಹೊಸದಾಗಿ ಅರ್ಜಿ ಹಾಕುವ ಮುನ್ನ ಅದನ್ನೇ ಕೇಳಿ.

ಇಲ್ಲಿ ಕೆಡುವುದು ಹೆಸರಿನಿಂದ. ಶಾಲೆಯ ದಾಖಲೆಯಲ್ಲಿ "ಸವಿತ ಎಂ", ಆಧಾರ್‌ನಲ್ಲಿ "ಸವಿತಾ ಎಂ.ಎಸ್." ಎಂದಿದ್ದರೆ ಯಂತ್ರ ಎರಡನ್ನೂ ಬೇರೆ ಬೇರೆ ಎಂದೇ ಓದುತ್ತದೆ. ಜೂನ್–ಜುಲೈನ ನೂಕುನುಗ್ಗಲಿಗೆ ಮೊದಲೇ, ಬೇಸಿಗೆ ರಜೆಯಲ್ಲಿ ಸರಿಮಾಡಿಸಿ.

ಜೆರಾಕ್ಸ್‌ಗೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕೇ? ನೋಟರಿ ಬೇಕೇ?

ಸ್ವಯಂ ದೃಢೀಕರಣ ಸಾಕೆಂದು ಕೇಂದ್ರದ ಆಡಳಿತ ಸುಧಾರಣಾ ಇಲಾಖೆ 2013ರಲ್ಲೇ ಹೇಳಿತು. "ಮೂಲ ಪ್ರತಿಗೆ ಸರಿಯಾಗಿದೆ" ಎಂದು ಬರೆದು, ಸಹಿ, ದಿನಾಂಕ ಹಾಕಿ, ಕೊನೆಯ ಹಂತದಲ್ಲಿ ಮೂಲ ತೋರಿಸಿದರೆ ಮುಗಿಯಿತು. ಡಿಜಿಲಾಕರ್‌ಗೆ ಇಲಾಖೆಯೇ ನೀಡಿದ ದಾಖಲೆಗೆ 2016ರ ನಿಯಮದಂತೆ ಮೂಲ ಪ್ರತಿಯಷ್ಟೇ ಬೆಲೆ. ನೀವೇ ಸ್ಕ್ಯಾನ್ ಮಾಡಿ ಅದಕ್ಕೆ ಏರಿಸಿದ ಪ್ರತಿಗೆ ಆ ಬೆಲೆ ಇಲ್ಲ, ಇದನ್ನು ಬಹಳ ಜನ ಮರೆಯುತ್ತಾರೆ.

ಅಫಿಡವಿಟ್ ಕಾನೂನಿನಲ್ಲೇ ಬೇಕೆಂದಿರುವ ಕಡೆ ಮಾತ್ರ ಮಾಡಿಸಿ. ಒಂದು ಉದಾಹರಣೆ: ಜನನ–ಮರಣವನ್ನು 30 ದಿನ ಕಳೆದು ಒಂದು ವರ್ಷದೊಳಗೆ ನೋಂದಾಯಿಸಲು ಮೊದಲು ಅಫಿಡವಿಟ್ ಬೇಕಿತ್ತು. 2023ರ ತಿದ್ದುಪಡಿ ಅದನ್ನು ತೆಗೆದು ಸ್ವಯಂ ದೃಢೀಕೃತ ದಾಖಲೆ ಸಾಕು ಎಂದಿತು. ಆ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ.

ಅಪ್ಪ ತೀರಿಕೊಂಡು ವರ್ಷಗಳಾದವು. ಪಹಣಿ ಇನ್ನೂ ಅವರ ಹೆಸರಲ್ಲೇ ಇದೆ. ಪೌತಿ ಖಾತೆ ಮಾಡಿಸುವುದು ಹೇಗೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ?

ಈ ಸೀಮೆಯಲ್ಲಿ ಅತಿ ಹೆಚ್ಚು ಕಡತ ನಿಂತಿರುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳಬೇಕು. ನಾಲೆ ಬಯಲಿನ ಜಮೀನು ಮೊದಲೇ ತುಂಡು. ಅಜ್ಜನ ಹೆಸರಿನಿಂದಲೇ ಬಿಡಿಸಿಕೊಳ್ಳದ ಪಹಣಿಗೆ ಈಗ ಹದಿನೈದಿಪ್ಪತ್ತು ವಾರಸುದಾರರು.

ಬೇಕಾದ ಮುಖ್ಯ ದಾಖಲೆ ಮೂರು: ಮರಣ ಪ್ರಮಾಣಪತ್ರ, ವಂಶವೃಕ್ಷ, ಚಾಲ್ತಿ ಪಹಣಿ. ಜೊತೆಗೆ ಎಲ್ಲ ವಾರಸುದಾರರ ಆಧಾರ್. ಮರಣವನ್ನು 21 ದಿನದೊಳಗೆ ನೋಂದಾಯಿಸಿದ್ದರೆ ಅದಕ್ಕೆ ಖರ್ಚಿಲ್ಲ. ವರ್ಷ ದಾಟಿದ್ದರೆ ಅಧಿಕಾರವುಳ್ಳ ಮ್ಯಾಜಿಸ್ಟ್ರೇಟರ ಆದೇಶ ತರಬೇಕು. ಪೌತಿ ಖಾತೆಯ ಹಾದಿಯಲ್ಲಿ ಮೊದಲ ಆರು ತಿಂಗಳು ಎಷ್ಟೋ ಸಲ ಇದಕ್ಕೇ ಹೋಗುತ್ತದೆ.

ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ. ಗ್ರಾಮ ಆಡಳಿತ ಅಧಿಕಾರಿ ಸ್ಥಳ ವಿಚಾರಣೆ ಮಾಡಿ ವರದಿ ಕೊಡುತ್ತಾರೆ. ಊರಿನವರು ಈಗಲೂ ಅವರನ್ನು ಶಾನುಭೋಗರು ಎಂದೇ ಕರೆಯುವುದು, ವಂಶಪಾರಂಪರ್ಯದ ಆ ಹುದ್ದೆ 1960ರ ದಶಕದಲ್ಲೇ ರದ್ದಾಗಿದ್ದರೂ. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಡುವುದೇ ಮುಂದಿನ ಎಲ್ಲ ತಕರಾರಿನ ಬೇರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಅಕ್ಕನನ್ನು ಬಿಟ್ಟು ಮಾಡಿದ ಖಾತೆ ಇಂದು ಆದರೂ ನಾಳೆ ಬೀಳುತ್ತದೆ.

"ಅಕ್ಕ ಬೇಡ ಅಂದಿದ್ದಾಳೆ, ಬಿಳಿ ಹಾಳೆಯಲ್ಲಿ ಬರೆದುಕೊಟ್ಟಿದ್ದಾಳೆ" ಎಂಬುದಕ್ಕೂ ಬೆಲೆಯಿಲ್ಲ. ಸ್ಥಿರಾಸ್ತಿಯ ಹಕ್ಕು ಬಿಡುವುದಾದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿತ ಹಕ್ಕು ಬಿಡುಗಡೆ ಪತ್ರವೇ ಆಗಬೇಕು. ಅದಾಗದಿದ್ದರೆ ಎಲ್ಲರ ಹೆಸರನ್ನೂ ಜಂಟಿಯಾಗಿ ತನ್ನಿ, ಪಾಲು ಆಮೇಲೆ ನೋಡಿಕೊಳ್ಳಬಹುದು. ಕಡತ ಬೇಗ ಸಾಗುವ ದಾರಿ ಇದೇ.

ದಾಖಲೆ ಕೊಟ್ಟ ಮೇಲೆ ನೋಟಿಸ್ ಹೊರಡುತ್ತದೆ, ಆಕ್ಷೇಪಣೆಗೆ ಕಾಲ ಕೊಡುತ್ತಾರೆ. ಯಾರೂ ತಕರಾರು ಎತ್ತದಿದ್ದರೆ ಕಂದಾಯ ನಿರೀಕ್ಷಕರ ಹಂತದಲ್ಲೇ ಮ್ಯುಟೇಶನ್ (ಖಾತೆ ಬದಲಾವಣೆ) ಮುಗಿಯುತ್ತದೆ. ತಕರಾರು ಬಂದರೆ ಅದು ತಕರಾರು ಪ್ರಕರಣವಾಗಿ ಮೇಲಿನ ಅಧಿಕಾರಿಯ ಮುಂದೆ ವಿಚಾರಣೆಗೆ ಹೋಗುತ್ತದೆ, ಅಲ್ಲಿ ವಾಯಿದೆಗಳ ಕಾಲ. ಭೂಕಂದಾಯ ಕಾಯ್ದೆಯ 128ನೇ ಕಲಂ ಹಕ್ಕು ಬಂದ ಮೂರು ತಿಂಗಳೊಳಗೆ ವರದಿ ಮಾಡಬೇಕು ಎನ್ನುತ್ತದೆ. ತಡವಾದರೂ ಹಕ್ಕು ಹೋಗುವುದಿಲ್ಲ, ಆದರೆ ಸಾಕ್ಷಿ ಹೇಳಬೇಕಾದ ಹಿರಿಯರು ಹೋಗಿರುತ್ತಾರೆ. ಆದೇಶ ಒಪ್ಪಿಗೆಯಾಗದಿದ್ದರೆ 136ನೇ ಕಲಂ ಪ್ರಕಾರ ಉಪವಿಭಾಗಾಧಿಕಾರಿಗೆ 60 ದಿನದೊಳಗೆ ಮೇಲ್ಮನವಿ.

ಇನ್ನು ಪಹಣಿಯನ್ನೇ ಓದಿ ನೋಡಿ. 3ನೇ ಕಾಲಂನ ವಿಸ್ತೀರ್ಣಕ್ಕೂ 9ನೇ ಕಾಲಂನಲ್ಲಿ ಹೆಸರುಗಳ ಮುಂದಿರುವ ವಿಸ್ತೀರ್ಣದ ಮೊತ್ತಕ್ಕೂ ತಾಳೆ ಬೀಳಬೇಕು. ಒಂದು ಗುಂಟೆ ಹೆಚ್ಚುಕಮ್ಮಿ ಇದ್ದರೂ ತಂತ್ರಾಂಶ ಮುಂದೆ ಬಿಡದೆ ಹಿಡಿದುಕೊಳ್ಳಬಹುದು. ಸರ್ವೆ ಇಲಾಖೆಯ ವಿಸ್ತೀರ್ಣ ದಾಖಲೆಯಾದ ಆಕಾರಬಂದ್‌ಗೂ ಪಹಣಿಗೂ ಹೊಂದದಿದ್ದರೆ ಮೊದಲು ತಿದ್ದುಪಡಿ, ಆಮೇಲೆ ಖಾತೆ. 11ನೇ ಕಾಲಂನಲ್ಲಿ ಸೊಸೈಟಿ ಸಾಲವೋ ಬ್ಯಾಂಕಿನ ಅಡಮಾನವೋ ಕುಳಿತಿರಬಹುದು. ಸಾಲ ತೀರಿಸಿದವರು ಬ್ಯಾಂಕಿನಿಂದ ಋಣಮುಕ್ತ ಪತ್ರ ತಂದು ಅದನ್ನು ತೆಗೆಸುವುದನ್ನೇ ಮರೆತಿರುತ್ತಾರೆ, ಹತ್ತು ವರ್ಷದ ಹಿಂದೆ ತೀರಿದ ಸಾಲ ಇಂದು ಕಡತ ನಿಲ್ಲಿಸುತ್ತದೆ.

ಕ್ರಯ ಮಾಡಿಸಿಕೊಂಡ ಜಮೀನಿಗೂ ಖಾತೆಗೆ ಬೇರೆ ಅರ್ಜಿ ಹಾಕಬೇಕೇ?

ನೋಂದಾಯಿತ ಪತ್ರದ ಮೂಲಕ ಬಂದ ಹಕ್ಕಿಗೆ ನೀವು ವರದಿ ಮಾಡಬೇಕಿಲ್ಲ ಎಂದು 128ನೇ ಕಲಮೇ ಹೇಳುತ್ತದೆ. ನೋಂದಣಿಯಾದ ಮೇಲೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಪಹಣಿ ಇರುವ ಭೂಮಿ ತಂತ್ರಾಂಶಕ್ಕೆ ಜೆ-ಸ್ಲಿಪ್ ಎಂಬ ಸೂಚನೆ ಹೋಗುತ್ತದೆ, ಮ್ಯುಟೇಶನ್ ಅಲ್ಲಿಂದ ಶುರು. "ಖಾತೆಗೆ ಬೇರೆ ಅರ್ಜಿ, ಬೇರೆ ಖರ್ಚು" ಎಂದು ಯಾರಾದರೂ ಹೇಳಿದರೆ ಯಾವ ನಿಯಮ ಎಂದು ಕೇಳಿ. ತಿಂಗಳು ಕಳೆದರೂ ಪಹಣಿ ಬದಲಾಗದಿದ್ದರೆ ಜೆ-ಸ್ಲಿಪ್ ಹೋಗಿದೆಯೇ ಎಂದು ಮೊದಲು ಉಪನೋಂದಣಾಧಿಕಾರಿ ಕಚೇರಿಯಲ್ಲೇ ವಿಚಾರಿಸಿ, ತಾಲ್ಲೂಕು ಕಚೇರಿ ಆಮೇಲೆ.

ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ ಮೊದಲೇ ಬೇಕು. ಭೂಮಾಪಕರ ಅಳತೆಯ ದಿನ ಅಕ್ಕಪಕ್ಕದ ಜಮೀನಿನವರಿಗೆ ನೋಟಿಸ್ ಮುಟ್ಟಿರಬೇಕು. ಗದ್ದೆಯಲ್ಲಿ ಬೆಳೆ ನಿಂತಿರುವಾಗ, ನೀರು ತುಂಬಿರುವಾಗ ಅಳತೆ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಕಟಾವಿನ ನಂತರಕ್ಕೆ ಬರುವಂತೆ ಅರ್ಜಿ ಹಾಕುವುದು ಜಾಣತನ. ಕಬ್ಬಿನ ಗದ್ದೆಗಂತೂ ಇದು ಕಡ್ಡಾಯ ಎಂದೇ ತಿಳಿಯಿರಿ. ಪೋಡಿಗೂ, ಅಂದರೆ ಸರ್ವೆ ನಂಬರನ್ನು ಭಾಗ ಮಾಡಿಸುವುದಕ್ಕೂ, ಇದೇ ಮಾತು.

ಹಳ್ಳಿಯ ಮನೆಯ ಖಾತೆಗೆ?

ಪಂಚಾಯಿತಿಯ ಆಸ್ತಿ ದಾಖಲೆ ಸಿಗುವ ಇ-ಸ್ವತ್ತು ತಂತ್ರಾಂಶ. ಗ್ರಾಮಠಾಣಾ ಒಳಗಿನ ಅಥವಾ ಸಕ್ರಮವಾಗಿ ಪರಿವರ್ತನೆ, ವಿನ್ಯಾಸ ಅನುಮೋದನೆ ಆದ ಆಸ್ತಿಗೆ ನಮೂನೆ 9, ಉಳಿದವಕ್ಕೆ 11ಬಿ. ಬ್ಯಾಂಕುಗಳು 11ಬಿ ನೋಡಿ ಸಾಲಕ್ಕೆ ಹಿಂಜರಿಯುವುದು ಈ ಕಾರಣಕ್ಕೇ.

ಮಂಡ್ಯದಲ್ಲಿ ಚಿಕ್ಕದೊಂದು ಬೇಕರಿ ತೆರೆಯಬೇಕು. ಎಷ್ಟು ಕಡೆ ಓಡಾಡಬೇಕು?

ನಾಲ್ಕು ಕಡೆ, ಅದರಲ್ಲಿ ಕಾಲಿನ ಓಡಾಟ ಬೇಕಾಗುವುದು ಹೆಚ್ಚೆಂದರೆ ಒಂದಕ್ಕೆ.

ನಗರಸಭೆಯ ಉದ್ದಿಮೆ ಪರವಾನಗಿ ಮೊದಲನೆಯದು. ಮೈಸೂರು ನಗರದೊಳಗಾದರೆ ಮಹಾನಗರ ಪಾಲಿಕೆ, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿ. ಬಾಡಿಗೆ ಕರಾರು ಮತ್ತು ಕಟ್ಟಡದ ಆಸ್ತಿ ತೆರಿಗೆ ರಸೀದಿ ಇಲ್ಲಿ ಮುಖ್ಯ. ಮಾಲೀಕರು ತೆರಿಗೆ ಬಾಕಿ ಇಟ್ಟಿದ್ದರೆ ನಿಮ್ಮ ಪರವಾನಗಿ ನಿಲ್ಲುತ್ತದೆ, ಆದ್ದರಿಂದ ಮುಂಗಡ ಕೊಡುವ ಮೊದಲೇ ಆ ರಸೀದಿ ಕೇಳಿ ನೋಡಿ. ಪರವಾನಗಿ ಹಣಕಾಸು ವರ್ಷದ ಲೆಕ್ಕದ್ದು, ಮಾರ್ಚ್ ಕೊನೆಗೆ ನವೀಕರಣ ಬರುತ್ತದೆ. ಫೆಬ್ರವರಿಯಲ್ಲೇ ಹಾಕಿಬಿಡಿ.

ಎರಡನೆಯದು ಆಹಾರ ಸುರಕ್ಷತೆ: ಸಣ್ಣವರಿಗೆ ನೋಂದಣಿ, ದೊಡ್ಡವರಿಗೆ ಪರವಾನಗಿ, ಎರಡೂ ಆನ್‌ಲೈನ್. 2011ರ ನಿಯಮಾವಳಿಯಲ್ಲಿ ಒಂದು ಒಳ್ಳೆಯ ಅಂಶವಿದೆ. ನೋಂದಣಿ ಅರ್ಜಿಗೆ 7 ದಿನದೊಳಗೆ ಒಪ್ಪಿಗೆಯೋ ತಿರಸ್ಕಾರವೋ ತಪಾಸಣೆಯ ಸೂಚನೆಯೋ ಬರದಿದ್ದರೆ ವ್ಯಾಪಾರ ಶುರು ಮಾಡಬಹುದು. ಮೌನವನ್ನೇ ಒಪ್ಪಿಗೆ ಎಂದು ಎಣಿಸುವ ಇಂಥ ನಿಯಮ ಉಳಿದ ಇಲಾಖೆಗಳಿಗೂ ಹಬ್ಬಬೇಕು.

ಮೂರನೆಯದು ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ. ಅಂಗಡಿ ಶುರುವಾದ 30 ದಿನದೊಳಗೆ ಇ-ಕಾರ್ಮಿಕ ಪೋರ್ಟಲ್‌ನಲ್ಲಿ ಮಾಡಬೇಕು, 5 ವರ್ಷ ನಡೆಯುತ್ತದೆ. ಕೇಂದ್ರ 29 ಕಾರ್ಮಿಕ ಕಾಯ್ದೆಗಳನ್ನು 4 ಸಂಹಿತೆಗಳಾಗಿ ಮಾಡಿ 2025ರ ನವೆಂಬರ್ 21ರಂದು ಜಾರಿಗೆ ತಂದಿದೆ ನಿಜ. ಅಂಗಡಿ ಕಾಯ್ದೆ ರಾಜ್ಯದ್ದು, ಅದು ಅದರಲ್ಲಿ ಸೇರಿಲ್ಲ.

ನಾಲ್ಕನೆಯದು ಜಿಎಸ್‌ಟಿ, ವಾರ್ಷಿಕ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ದಾಟಿದರೆ. ಹೊರರಾಜ್ಯಕ್ಕೆ ಸರಕು ಕಳಿಸುವವರಿಗೆ ಈ ಮಿತಿಯ ಅನುಕೂಲ ಸಿಗದಿರಬಹುದು, ಮೊದಲೇ ಲೆಕ್ಕಿಗರನ್ನು ಕೇಳಿ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಕಡ್ಡಾಯವಲ್ಲ, ಸಾಲಕ್ಕೆ ಅನುಕೂಲ. ಅದಕ್ಕೆ ಒಂದು ಪೈಸೆಯೂ ಶುಲ್ಕವಿಲ್ಲ. ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ.

ಆಲೆಮನೆಯನ್ನು ದೊಡ್ಡದು ಮಾಡಿ ಪ್ಯಾಕ್ ಬೆಲ್ಲ ಮಾರಬೇಕೆಂದಿದ್ದೇವೆ. ಏಕಗವಾಕ್ಷಿ ಅಂದರೆ ಒಂದೇ ಅನುಮತಿ ಸಾಕಾ?

ಒಂದೇ ಕಿಟಕಿ ಅಂದರೆ ಒಂದೇ ಅನುಮತಿ ಎಂದು ತಿಳಿಯುವುದೇ ಮೊದಲ ಎಡವಟ್ಟು. ಅನುಮತಿಗಳು ಹಲವು, ಅರ್ಜಿ ಹೋಗುವ ಬಾಗಿಲು ಮಾತ್ರ ಒಂದು. 2002ರ ಕೈಗಾರಿಕೆಗಳ ಸೌಲಭ್ಯ ಕಾಯ್ದೆಯಂತೆ 15 ಕೋಟಿ ರೂಪಾಯಿವರೆಗಿನ ಯೋಜನೆಯನ್ನು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿ ನೋಡುತ್ತದೆ, ಕಡತ ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕ ಬರುತ್ತದೆ. ಅದಕ್ಕಿಂತ ದೊಡ್ಡದು ಬೆಂಗಳೂರಿಗೆ.

2020ರ ತಿದ್ದುಪಡಿ ತಯಾರಿಕಾ ಉದ್ದಿಮೆಗಳಿಗೆ ಅಫಿಡವಿಟ್ ಆಧಾರಿತ ಅನುಮತಿ ಎಂಬ ದಾರಿ ತೆರೆದಿದೆ. "ನಿಯಮ ಪಾಲಿಸುತ್ತೇನೆ" ಎಂದು ಅಫಿಡವಿಟ್ ಕೊಟ್ಟು ಕಟ್ಟಡ ಶುರು ಮಾಡಬಹುದು. ರಾಜ್ಯದ ಕಾಯ್ದೆಗಳಡಿಯ ಅನುಮತಿಗಳನ್ನು 3 ವರ್ಷದೊಳಗೆ ಅಥವಾ ಉತ್ಪಾದನೆ ಶುರುವಾಗುವ ಮೊದಲು, ಯಾವುದು ಮುಂಚೆಯೋ ಅಷ್ಟರಲ್ಲಿ ಪಡೆಯಬೇಕು. ಜಲ, ವಾಯು ಮಾಲಿನ್ಯದಂಥ ಕೇಂದ್ರದ ಕಾಯ್ದೆಗೆ ಇದು ರಿಯಾಯಿತಿಯಲ್ಲ.

ಮಾಲಿನ್ಯ ಮಂಡಳಿ ಉದ್ದಿಮೆಗಳನ್ನು ಕೆಂಪು, ಕಿತ್ತಳೆ, ಹಸಿರು, ಬಿಳಿ ಮುಂತಾಗಿ ವಿಂಗಡಿಸುತ್ತದೆ. ಬಿಳಿಗೆ ಸಮ್ಮತಿಪತ್ರದ ಗೋಜಿಲ್ಲ, ತಿಳಿಸಿದರೆ ಸಾಕು. ನಿಮ್ಮ ಘಟಕ ಯಾವ ಬಣ್ಣ ಎಂದು ಮಂಡಳಿಯಿಂದ ಬರಹದಲ್ಲಿ ಪಡೆದುಕೊಂಡೇ ಯಂತ್ರ ಕೊಳ್ಳಿ. ಬಾಯ್ಲರ್ ಸೇರಿದರೆ, ಉರುವಲು ಬದಲಾದರೆ ಲೆಕ್ಕ ಬದಲಾಗಬಹುದು. ಕಬ್ಬು ಬೆಳೆಯುವ ರೈತನಿಗೆ ಆಹಾರ ಸುರಕ್ಷತಾ ಕಾಯ್ದೆ ತಾಗುವುದಿಲ್ಲ, ಬೆಲ್ಲ ಮಾಡಿ ಮಾರುವವರಿಗೆ ತಾಗುತ್ತದೆ.

ಜಮೀನು ಕೃಷಿಯದ್ದಾದರೆ ಭೂಕಂದಾಯ ಕಾಯ್ದೆಯ 95ನೇ ಕಲಂನಡಿ ಪರಿವರ್ತನೆ. ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಆ ಬಳಕೆಗೇ ಗುರುತಿಸಿದ ಜಾಗಕ್ಕೆ 2022ರ ತಿದ್ದುಪಡಿಯಿಂದ ಅಫಿಡವಿಟ್ ಆಧಾರದ ಪರಿವರ್ತನೆ ಇದೆ. ಕೃಷಿಕರಲ್ಲದವರು ಜಮೀನು ಕೊಳ್ಳಲು ಅಡ್ಡಿಯಾಗಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲೇ ರದ್ದಾದವು. ಆದರೆ ಪರಿಶಿಷ್ಟರಿಗೆ ಮಂಜೂರಾದ ಜಮೀನು 1978ರ ಪಿಟಿಸಿಎಲ್ ಕಾಯ್ದೆಯಡಿ ಬರುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಅದನ್ನು ಕೊಂಡರೆ ಕ್ರಯವೇ ಅಸಿಂಧು. ಮೂಲ ಮಂಜೂರಾತಿ ಕಡತ ನೋಡದೆ ಮುಂಗಡ ಕೊಡಬೇಡಿ.

ಜನ ವಿಶ್ವಾಸ್ ಕಾಯ್ದೆಯಿಂದ ಸಣ್ಣ ವ್ಯಾಪಾರಿಗೇನು ಲಾಭ?

2023ರ ಈ ಕಾಯ್ದೆ ಕೇಂದ್ರದ 42 ಕಾಯ್ದೆಗಳ 183 ಅವಕಾಶಗಳಲ್ಲಿ ಜೈಲು ಅಥವಾ ಕ್ರಿಮಿನಲ್ ದಂಡವನ್ನು ತೆಗೆದು ಅಥವಾ ತಗ್ಗಿಸಿ, ಹೆಚ್ಚಿನ ಕಡೆ ಹಣದ ದಂಡಕ್ಕೆ ಇಳಿಸಿತು. ಪರಿಸರ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆಗೆ ಈಗ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ. ಕೋರ್ಟಿನ ಬದಲು ತೀರ್ಮಾನಾಧಿಕಾರಿ ವಿಧಿಸುತ್ತಾರೆ. ಜೈಲಿನ ಹೆದರಿಕೆ ತೋರಿಸಿ ವಸೂಲಿ ಮಾಡುವವರ ಕೈ ಅಷ್ಟರಮಟ್ಟಿಗೆ ಕಟ್ಟಿದೆ. ಆದರೆ ಆ ದಂಡಗಳು 3 ವರ್ಷಕ್ಕೊಮ್ಮೆ ಕನಿಷ್ಠ ಮೊತ್ತದ ಶೇ 10ರಷ್ಟು ಏರುತ್ತವೆ, ಅದೂ ನೆನಪಿರಲಿ.

ಕಡತ ಯಾರ ಮೇಜಿನ ಮೇಲಿದೆ ಅಂತಲೇ ಗೊತ್ತಾಗುತ್ತಿಲ್ಲ.

ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಇಲ್ಲ, ಪ್ರತಿಗೆ ಪುಟಕ್ಕೆ 2 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಇದನ್ನು ಮರೆತೇ ಎಷ್ಟೋ ಅರ್ಜಿಗಳು ವಾಪಸ್ ಬರುತ್ತವೆ. ಉತ್ತರಕ್ಕೆ 30 ದಿನ. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದರ ಮೇಲೆ 90 ದಿನದೊಳಗೆ ಮಾಹಿತಿ ಆಯೋಗ.

"ಯಾಕೆ ತಡ ಮಾಡಿದ್ದೀರಿ?" ಎಂದು ಕೇಳಬೇಡಿ, "ಯಾಕೆ"ಗೆ ಉತ್ತರಿಸಲು ಅವರು ಬದ್ಧರಲ್ಲ. ದಾಖಲೆ ಕೇಳಿ. ಹೀಗೆ: "ಇಂಥ ಸಂಖ್ಯೆಯ ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ, ಕಡತ ಯಾವ ದಿನ ಯಾವ ಹುದ್ದೆಯವರ ಬಳಿ ಇತ್ತು ಎಂಬ ಚಲನವಲನ ವಹಿಯ ಪ್ರತಿ, ನನ್ನ ನಂತರ ಬಂದು ವಿಲೇವಾರಿಯಾದ ಇದೇ ಸೇವೆಯ ಅರ್ಜಿಗಳ ಪಟ್ಟಿ." ಕೊನೆಯ ಸಾಲಿಗೆ ಬಲ ಹೆಚ್ಚು. ಉತ್ತರ ಬರುವ ಮೊದಲೇ ಕೆಲಸ ಆಗಿಬಿಡುವುದೂ ಉಂಟು.

ಏಜೆಂಟರಿಗೆ ಕೊಟ್ಟರೆ ಬೇಗ ಆಗುತ್ತದಲ್ಲ?

ಫಾರಂ ತುಂಬಿಕೊಡುವುದಕ್ಕೆ ಹಣ ಕೊಡುವುದು ಬೇರೆ, "ಒಳಗೆ ಕೊಡಬೇಕು" ಎಂಬುದು ಬೇರೆ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವವರೂ ಅಪರಾಧಿಗಳೇ. ಬಲವಂತದಿಂದ ಕೊಡಬೇಕಾಗಿ ಬಂದಿದ್ದರೆ 7 ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದವರಿಗೆ ಮಾತ್ರ ರಕ್ಷಣೆ. ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರಿಗೆ ತಿಳಿಸಿದರೆ ಇನ್ನೂ ಸುರಕ್ಷಿತ, ಎರಡೂ ಜಿಲ್ಲಾ ಕೇಂದ್ರಗಳಲ್ಲಿ ಅವರ ಕಚೇರಿ ಇದೆ. ಲಂಚದ ಮಾತಿಲ್ಲದ ಬರೀ ವಿಳಂಬದ ದೂರಿಗೆ 1902ಕ್ಕೆ ಕರೆಮಾಡಿ ಜನಸ್ಪಂದನದಲ್ಲಿ ದಾಖಲಿಸಬಹುದು. ಆದರೆ ಅದು ಸಕಾಲದ ಮೇಲ್ಮನವಿಗೆ ಬದಲಿಯಾಗದು, 30 ದಿನದ ಲೆಕ್ಕ ಓಡುತ್ತಲೇ ಇರುತ್ತದೆ.

ಆಡಳಿತ ಸುಧಾರಣಾ ಆಯೋಗಗಳು ಬಂದುಹೋದವಲ್ಲ, ಅವುಗಳಿಂದ ಏನಾಯಿತು?

ದೇಶದ ಎರಡೂ ಆಡಳಿತ ಸುಧಾರಣಾ ಆಯೋಗಗಳಿಗೆ ಕನ್ನಡಿಗರ ನಂಟಿದೆ. 1966ರಲ್ಲಿ ಶುರುವಾದ ಮೊದಲನೆಯದಕ್ಕೆ ಮೊರಾರ್ಜಿ ದೇಸಾಯಿ ನಂತರ ಕೆ. ಹನುಮಂತಯ್ಯ ಅಧ್ಯಕ್ಷರಾದರು, 2005ರ ಎರಡನೆಯದಕ್ಕೆ ವೀರಪ್ಪ ಮೊಯಿಲಿ. ಲೋಕಪಾಲ–ಲೋಕಾಯುಕ್ತದ ಸಲಹೆ ಮೊದಲನೆಯದರದ್ದು. ರಾಜ್ಯದಲ್ಲಿ ಹಾರನಹಳ್ಳಿ ರಾಮಸ್ವಾಮಿ, ಟಿ.ಎಂ. ವಿಜಯಭಾಸ್ಕರ್ ಆಯೋಗಗಳು ವರದಿ ಕೊಟ್ಟಿವೆ. ಶಿಫಾರಸಿಗೆ ತಾನಾಗಿ ಬಲ ಇಲ್ಲ. ಕಾಯ್ದೆಗೆ ತಿದ್ದುಪಡಿಯೋ ಇಲಾಖೆಯ ಆದೇಶವೋ ಆಗಬೇಕು, ಆ ಆದೇಶ ತಾಲ್ಲೂಕಿನ ಕೇಸ್ ವರ್ಕರ್ ತನಕ ಇಳಿಯಬೇಕು. ನಿಮ್ಮ ಮೊಬೈಲಿನಲ್ಲಿ ಸುತ್ತೋಲೆಯ ಪಿಡಿಎಫ್ ಇಟ್ಟುಕೊಂಡು ಹೋಗುವುದು ಎಷ್ಟೋ ಸಲ ಈ ಕೊನೆಯ ಮೆಟ್ಟಿಲಿಗೇ.

ಬೇಡದ ನಿಯಮವೊಂದನ್ನು ತೆಗೆಸಲು ನಮ್ಮಂಥವರು ಏನು ಮಾಡಬಹುದು?

ಇಲಾಖೆ ನಿಯಮ ಬದಲಿಸುವಾಗ ಸಾಮಾನ್ಯವಾಗಿ ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ, 15 ಅಥವಾ 30 ದಿನ ಆಕ್ಷೇಪಣೆ–ಸಲಹೆಗೆ ಬಿಡುತ್ತದೆ. ಆ ಅವಧಿಯಲ್ಲಿ ಬರೆಯುವವರು ಬಹಳ ಕಡಿಮೆ, ಆದ್ದರಿಂದ ಬರೆದದ್ದಕ್ಕೆ ತೂಕ ಇರುತ್ತದೆ. "ನಿಯಮ ಸರಳಗೊಳಿಸಿ" ಎಂದು ಬರೆದರೆ ಯಾರೂ ಏನೂ ಮಾಡಲಾರರು. ನಿಯಮದ ಸಂಖ್ಯೆ, ಅದರಲ್ಲಿ ಕೇಳುವ ದಾಖಲೆ, ಅದೇ ಮಾಹಿತಿ ಸರ್ಕಾರದ ಯಾವ ತಂತ್ರಾಂಶದಲ್ಲಿ ಈಗಾಗಲೇ ಇದೆ, ಬದಲಿಗೆ ಯಾವ ಪದ ಇರಬೇಕು ಎಂಬ ನಾಲ್ಕು ಸಂಗತಿ ಒಂದು ಪುಟದಲ್ಲಿ ಬರೆದು, ಕರಡಿನಲ್ಲೇ ಕೊಟ್ಟಿರುವ ವಿಳಾಸಕ್ಕೆ ಕೊನೆಯ ದಿನಾಂಕಕ್ಕೆ ಮೊದಲೇ ಸ್ಪೀಡ್ ಪೋಸ್ಟ್ ಮಾಡಿ. ರೈತ ಸಂಘ, ವರ್ತಕರ ಸಂಘದ ಲೆಟರ್‌ಹೆಡ್ಡಿನಲ್ಲಿ ಹೋದರೆ ಒಳ್ಳೆಯದು. ಕರಡು ಇಲ್ಲದ ಹಳೆಯ ನಿಯಮವಾದರೆ ಇದೇ ಪುಟವನ್ನು ಇಲಾಖೆಯ ಕಾರ್ಯದರ್ಶಿಗೂ, ನಿಮ್ಮ ಶಾಸಕರಿಗೂ ಕಳಿಸಿ. ಅಧಿವೇಶನಕ್ಕೆ ಮೊದಲೇ ಕೊಟ್ಟರೆ ಅದನ್ನು ಪ್ರಶ್ನೆಯಾಗಿಸಲು ಅವರಿಗೆ ಕಾಲ ಸಿಗುತ್ತದೆ.